ಬಾವಿಯ ನೀರು, ತಂಗಿಯ ಕೈ

ಹಗ್ಗದ ಮೇಲೆ ಹರವಿದ ನಾಲ್ಕನೇ ಬೆಡ್‌ಶೀಟಿನಲ್ಲೂ ಕಲೆ ಇತ್ತು. ಚಹಾ ಚೆಲ್ಲಿದಂಥ ಕಂದು ಮಚ್ಚೆಗಳು. ಲಾಂಡ್ರಿಯ ಒಡತಿ ಅದನ್ನು ಸರ್ರನೆ ಎಳೆದು, ಒಳಗೆ ಇಸ್ತ್ರಿ ಮಾಡುತ್ತಿದ್ದ ಗಂಡನ ಕಣ್ಣಿಗೆ ಬೀಳುವ ಮುಂಚೆ ಮತ್ತೆ ತೊಟ್ಟಿಯಲ್ಲಿ ಅದ್ದಿದಳು. ಇನ್ನೆರಡು ಹಿಡಿ ಬ್ಲೀಚಿಂಗ್ ಪೌಡರ್ ಸುರಿದಳು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ತೊಟ್ಟಿಯಿಂದ ಹಗ್ಗಕ್ಕೆ, ಹಗ್ಗದಿಂದ ಬಾಗಿಲಿಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು.

ಮೂರು ವಾರದ ಹಿಂದೆ ಇದೇ ಕಲೆಗಾಗಿ ಒಡಹುಟ್ಟಿದ ತಂಗಿಯನ್ನು ಕಳೆದುಕೊಂಡಿದ್ದಳು. ಹನ್ನೊಂದು ವರ್ಷ ಜೊತೆಯಲ್ಲಿ ಬಟ್ಟೆ ಒಗೆದವಳು. ಆಸ್ಪತ್ರೆಯಿಂದ ಒಂದು ಮೂಟೆ ಬೆಡ್‌ಶೀಟು ಕಲೆ ಇದೆ ಎಂದು ವಾಪಸ್ ಬಂದ ದಿನ ಅಕ್ಕನ ತಲೆ ಕೆಟ್ಟಿತ್ತು. ನಿನ್ನ ಕೈಯೇ ಹೊಲಸು ಎಂದುಬಿಟ್ಟಳು, ಅದೂ ಗಿರಾಕಿಗಳ ಮುಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೊರಟುಹೋದಳು. ಮಾರನೆಯ ದಿನದ ಒಗೆತದಲ್ಲೇ ಕಲೆ ಮತ್ತೆ ಕಂಡಿತು. ಈ ಸಲ ಒಗೆದದ್ದು ತನ್ನದೇ ಕೈ. ಹೋಗಿ ತಪ್ಪಾಯಿತು ಎನ್ನಬೇಕು, ತಂಗಿ ಬೇಕೇ ಬೇಕು. ಆದರೆ ನಾಲಿಗೆ ಏಳುತ್ತಿರಲಿಲ್ಲ.

ಹೊಳೆಗೆ ಅಡ್ಡಲಾಗಿ ಹೊಸ ಒಡ್ಡು ಕಟ್ಟಿದ ಮೇಲೆ ಲಾಂಡ್ರಿಯದೂ ಸೇರಿ ದಂಡೆಯ ಬಾವಿಗಳಿಗೆ ತಿಂಗಳಿಗೊಮ್ಮೆ ಟೇಪು ಇಳಿಬಿಟ್ಟು ನೀರಿನ ಮಟ್ಟ ಅಳೆಯುವವನೊಬ್ಬ ಬರುತ್ತಿದ್ದ. ಅಂದು ಬಂದವನು ನೀರು ಇನ್ನೂ ಒಂದು ಮೊಳ ಮೇಲೆ ಬಂದಿದೆ ಎಂದು ಬರೆದುಕೊಂಡ. ತೊಟ್ಟಿಯತ್ತ ಕಣ್ಣು ಹಾಯಿಸಿ, ಪುಡಿ ಹಾಕಿದಷ್ಟೂ ಕಲೆ ಜಾಸ್ತಿಯಾಗುತ್ತದೆ ಎಂದ. ಒಗೆಯುವುದನ್ನು ಇವನಿಂದ ಕಲಿಯಬೇಕೇ ಎಂದು ಅವಳು ಸಿಡುಕಿದಳು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಬಾವಿಯಿಂದ ಒಂದು ಲೋಟ ನೀರು ತೆಗೆದ. ತಿಳಿಯಾಗಿತ್ತು. ಚಿಟಿಕೆ ಪುಡಿ ಬಿದ್ದದ್ದೇ ತಡ, ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗಿತು.

"ಮೊದ್ಲು ನಿಮ್ಮ ಬಾವಿ ಕಡೆಯಿಂದ ನೀರು ಒಳಗೊಳಗೇ ಹೊಳೆಗೆ ಇಳೀತಿತ್ತು. ಈಗ ಒಡ್ಡಿನ ಹಿಂದೆ ಹೊಳೆ ಎತ್ತರಕ್ಕೆ ನಿಂತಿದೆ, ಅದೇ ಬಾವಿಗೆ ಬರ್ತಿದೆ. ಕೊಳೆತ ಕೆಸರು ದಾಟಿ, ಮರಳಲ್ಲಿರೋ ಕಬ್ಬಿಣ ಕರಗಿಸ್ಕೊಂಡು ಬರುತ್ತೆ. ಕಣ್ಣಿಗೆ ಕಾಣಲ್ಲ. ಬ್ಲೀಚಿಂಗ್ ತಾಗಿದ ಕೂಡ್ಲೇ ತುಕ್ಕಾಗಿ ಬಟ್ಟೆ ಹಿಡಿಯುತ್ತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಗಿತ್ತು. ಆದರೂ ಅವಳಿಗೆ ಮೊದಲು ಆದದ್ದು ಸಂತೋಷವೇ. ತಪ್ಪು ಬಾವಿಯದು, ಒಡ್ಡಿನದು. ಇಷ್ಟು ಹೇಳಿದರೆ ಸಾಕು, ತಪ್ಪಾಯಿತು-ಗಿಪ್ಪಾಯಿತು ಅನ್ನಬೇಕಾಗಿಲ್ಲ. ಒದ್ದೆ ಕೈಯನ್ನೂ ಒರೆಸಿಕೊಳ್ಳದೆ, ತಂಗಿ ಈಗ ಬಟ್ಟೆ ಒಗೆಯುತ್ತಿದ್ದ ದಿಬ್ಬದ ಮೇಲಿನ ಹಾಸ್ಟೆಲ್ಲಿಗೆ ಅರ್ಧ ಓಡುತ್ತ, ಅರ್ಧ ನಡೆಯುತ್ತ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

ತಂಗಿ ನಲ್ಲಿಯ ಕೆಳಗೆ ಕಂಬಳಿ ನೆನೆಸುತ್ತಿದ್ದಳು. ಅಕ್ಕ ಒಡ್ಡು, ಕೆಸರು, ಕಬ್ಬಿಣ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ತಂಗಿ ತಲೆ ಎತ್ತದೆ ಕೇಳಿಸಿಕೊಂಡಳು.

"ನಾನು ಹೇಳಿದ್ನಲ್ಲಕ್ಕ. ನೀರು ಬೇರೆ ವಾಸನೆ ಬರ್ತಿದೆ, ಬಾವಿ ತೋರಿಸು ಅಂತ. ಎರಡು ಸಲ ಹೇಳಿದ್ದೆ."

ಹೇಳಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಅಕ್ಕ ಆಗ ಗಂಡನನ್ನೂ ಗಿರಾಕಿಗಳನ್ನೂ ನಗಿಸಿದ್ದಳು. ತಂಗಿಯೂ ಸ್ವಲ್ಪ ನಕ್ಕಿದ್ದಳು. ಅದು ನೆನಪಾಗಿ ಅಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಂದೇ ತಪ್ಪು ಕಣೆ," ಎಂದಳು ಕೊನೆಗೆ.

ತಂಗಿ ಕಂಬಳಿಯನ್ನು ಎತ್ತಿ, ನೀರು ಸೋರುತ್ತಿದ್ದ ಒಂದು ತುದಿಯನ್ನು ಅಕ್ಕನತ್ತ ಚಾಚಿದಳು. ಅಕ್ಕ ಹಿಡಿದು ಬಲವಾಗಿ ತಿರುಚಿದಳು. ಇಬ್ಬರೂ ತಿರುಚಿದ್ದು ಒಂದೇ ಕಡೆಗೆ; ಕಂಬಳಿ ಉರುಳಿತೇ ಹೊರತು ನೀರು ಇಳಿಯಲಿಲ್ಲ.

"ಆ ಕಡೆ ಅಲ್ಲ, ಈ ಕಡೆ ತಿರುಗಿಸಕ್ಕ," ಎಂದಳು ತಂಗಿ.

ಇಷ್ಟು ವರ್ಷ ಹಾಗಲ್ಲ ಹೀಗೆ ಎನ್ನುತ್ತಿದ್ದವಳು ಅಕ್ಕನೇ. ಅವಳು ಕೈ ಬದಲಿಸಿ, ತಂಗಿ ಹೇಳಿದ ಕಡೆಗೆ ತಿರುಗಿಸಿದಳು. ನೀರು ಇಬ್ಬರ ಪಾದದ ಮೇಲೂ ಸುರಿಯಿತು.