ದಿನಾ ಪೊರೆ ಬಿಡುವ ಗುಂಡಿ

ಗುಂಡಿ ಎಂದರೆ ಹಳ್ಳವಲ್ಲ, ನಮ್ಮ ಪಿಟೀಲು ಸಾಕಿದ ಕಪ್ಪೆ. ಹೆಬ್ಬೆರಳಿನಷ್ಟು ಉದ್ದ, ಅಂಗಿಯಿಂದ ಉದುರಿದ ಗುಂಡಿಗಳಂಥ ಎರಡು ಕಣ್ಣು, ಜೀವನಪೂರ್ತಿ ನೀರಿನೊಳಗೇ ಇರುವ ಜಾತಿ. ಪಿಟೀಲು ಎಂದರೆ ವಾದ್ಯವಲ್ಲ, ನನ್ನ ಅಕ್ಕನ ಮಗಳು. ಒಂಬತ್ತು ವರ್ಷ. ಒಂದು ಪ್ರಶ್ನೆ ಸಿಕ್ಕಿತೆಂದರೆ ಸಣ್ಣ ದನಿಯಲ್ಲಿ ಕುಯ್ಯುತ್ತಲೇ ಇರುತ್ತಾಳೆ. ಆ ವಾರ ಮಾತ್ರ ಮನೆಯಲ್ಲಿ ಅವಳ ದನಿಯೇ ಇಲ್ಲ.

ಕಾರಣ, ಗುಂಡಿ ದಿನಾ ಪೊರೆ ಬಿಡುತ್ತಿತ್ತು. ಕಪ್ಪೆ ಪೊರೆ ಬಿಡುವುದು ಹೊಸದೇನಲ್ಲ. ಮೊದಲೆಲ್ಲ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬನಿಯನ್ ಕಳಚುವ ಹಾಗೆ ಕಳಚಿ, ಅದನ್ನೇ ಬಾಯಿಗೆ ತುರುಕಿಕೊಂಡು ನುಂಗಿ, ಏನೂ ಆಗಿಲ್ಲವೆಂಬಂತೆ ಕೂರುತ್ತಿತ್ತು. ಈಗ ಪೊರೆ ಅರ್ಧಕ್ಕೇ ಹರಿದು ಹಿಂಗಾಲಿನಿಂದ ಬಿಳಿ ಚಿಂದಿಯಾಗಿ ಜೋತಾಡುತ್ತಿತ್ತು. ಅದು ಉದುರುವ ಮೊದಲೇ ಇನ್ನೊಂದು. ಊಟ ಬಿಟ್ಟು ಮೂಲೆ ಹಿಡಿದಿತ್ತು.

"ಮಾವ, ನನ್ನಿಂದಾನೇ ಹಿಂಗಾಗಿರೋದು," ಎಂದಳು ಪಿಟೀಲು. "ಅವತ್ತು ಸ್ಕೂಲಿಂದ ಬಂದು ಕೈ ತೊಳೀದೆ ಮುಟ್ಟಿದ್ದೆ. ಬೆರಳಲ್ಲಿ ಗೋಂದಿತ್ತು."

"ಗೋಂದು ಅಂಟಿಸುತ್ತೆ ಕಣೆ, ಬಿಡಿಸಲ್ಲ."

ಅವಳು ನಗಲಿಲ್ಲ. ಗುಂಡಿ ಸತ್ತರೆ ಇನ್ನು ಯಾವ ಪ್ರಾಣಿಯನ್ನೂ ಮುಟ್ಟುವುದಿಲ್ಲ ಎಂದು ಅಕ್ಕನ ಹತ್ತಿರ ಹೇಳಿದ್ದಳಂತೆ.

ಅವಳ ಅಪ್ಪ, ಎಂದರೆ ನನ್ನ ಭಾವ, ಲಾಂಡ್ರಿ ಇಟ್ಟವರು. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಕೌಂಟರಿನಲ್ಲಿ ಚೀಟಿ ಬರೆಯುತ್ತೇನೆ. ಡಿಗ್ರಿ ಇದೆ, ಅದನ್ನೂ ಇಸ್ತ್ರಿ ಮಾಡಿ ಮಡಿಸಿಟ್ಟಿದ್ದೇನೆ. ಭಾವನದು ಒಂದೇ ಕಾನೂನು: ಬಟ್ಟೆ ತೆಗೆದುಕೊಳ್ಳುವಾಗಲೇ ಗಿರಾಕಿಯ ಎದುರು ಕಲೆ, ಹರಕು, ಸುಕ್ಕು ಎಲ್ಲವನ್ನೂ ಹುಡುಕಿ ಚೀಟಿಯ ಮೇಲೆ "ಮೊದಲೇ ಇತ್ತು" ಎಂದು ಬರೆಸುವುದು. ಇಪ್ಪತ್ತು ವರ್ಷದಲ್ಲಿ ಅವರ ಕೈಯಲ್ಲಿ ಒಂದೇ ಒಂದು ಬಟ್ಟೆ ಹಾಳಾಗಿಲ್ಲ. ಹಾಳಾದದ್ದೆಲ್ಲ ಮೊದಲೇ ಹಾಳಾಗಿತ್ತು.

ಅವಳನ್ನು ನಗಿಸಲೆಂದು ನಾನು ಭಾವನ ಹಾಗೆ ಗಂಟಲು ಕೆರೆದು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗಾಜಿನ ತೊಟ್ಟಿಯ ಮೇಲೆ ಬಗ್ಗಿದೆ. "ಹಿಂಗಾಲು, ಎಡಗಡೆ, ಚಿಂದಿ. ಬರ್ಕೊಳಯ್ಯ, ಮೊದಲೇ ಇತ್ತು."

"ಮೊದಲು ಇರ್ಲಿಲ್ಲ ಮಾವ," ಎಂದಳು, ಅಷ್ಟೇ.

ಅಷ್ಟರಲ್ಲಿ ಅಸಲಿ ಭಾವನೇ ಊಟಕ್ಕೆಂದು ಮೇಲೆ ಬಂದರು. ತೊಟ್ಟಿಯ ಕಡೆ ನೋಡಿ, "ತಂದಾಗ್ಲೇ ಇತ್ತೇನೋ ಈ ರೋಗ. ಇಲ್ಲಾ ಇವಳೇ ಮುಟ್ಟಿ ಮುಟ್ಟಿ ಏನೋ ಮಾಡಿರ್ತಾಳೆ," ಎಂದು ತಟ್ಟೆಯ ಮುಂದೆ ಕುಳಿತರು. ಪಿಟೀಲು ತಲೆ ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ಮೂವರೂ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದೆವು. ಮುಚ್ಚಳಕ್ಕೆ ತೂತು ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೊಟ್ಟಿಯದೇ ನೀರು, ನೀರಿನಲ್ಲಿ ಗುಂಡಿ, ಡಬ್ಬಿ ಪಿಟೀಲಿನ ತೊಡೆಯ ಮೇಲೆ. ಪಕ್ಕದಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡ ನಾಯಿಯೊಂದು ನಮ್ಮನ್ನು ಅನುಕಂಪದಿಂದ ನೋಡಿತು.

ಡಾಕ್ಟರಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದರು. "ನೀರು ಯಾವಾಗ ಬದಲಾಯಿಸ್ತೀಯಮ್ಮ?"

"ಭಾನುವಾರ. ಕಾಲು ಭಾಗ ಮಾತ್ರ. ಹಿಂದಿನ ದಿನಾನೇ ಹಿಡಿದು, ಕ್ಲೋರಿನ್ ಹೋಗೋ ಔಷಧಿ ಹಾಕಿಟ್ಟಿರ್ತೀನಿ."

"ನನಗಿಂತ ಚೆನ್ನಾಗಿ ಗೊತ್ತಿದೆ ನಿನಗೆ." ಮುಚ್ಚಳ ತೆಗೆದರು, ಮೂಗಿನ ಹತ್ತಿರ ತಂದರು, ಇನ್ನೊಮ್ಮೆ ತಂದರು. "ಆದ್ರೆ ಇದೇನಿದು, ಒಗೆದ ಬೆಡ್‌ಶೀಟ್ ವಾಸನೆ?"

ನಾನು ಭಾವನ ಕಡೆ ನೋಡಿದೆ. ಅವರು ಗೋಡೆಯ ಮೇಲಿನ ಜಂತುಹುಳುವಿನ ಚಿತ್ರಪಟವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

"ನಮ್ಮ ಹಾಗಲ್ಲ ಇದು," ಎಂದರು ಡಾಕ್ಟರಮ್ಮ. "ನೀರು ಕುಡಿಯೋದು ಚರ್ಮದಿಂದ, ಉಸಿರೂ ಒಂದಿಷ್ಟು ಅದರಿಂದಾನೇ. ನೀರಲ್ಲಿ ಸೋಪೋ ಬ್ಲೀಚಿಂಗ್ ಪೌಡರೋ ಸೇರಿದ್ರೆ ಮೈಯೆಲ್ಲ ಉರಿ. ಉರಿಯೋ ಅಂಗೀನ ಕಿತ್ತು ಕಿತ್ತು ಹಾಕ್ತಿದೆ, ಪಾಪ."

ಪಿಟೀಲು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. "ಸೋಪು ನಂದೇ. ಗೋಂದಿನ ಕೈಯಲ್ಲಿ ಮುಟ್ಟಿದ್ನಲ್ಲ, ಹೆದರಿಕೆ ಆಗಿ ಆಮೇಲಿಂದ ಎರಡೆರಡು ಸಲ ಸೋಪು ಹಾಕಿ ತೊಳ್ಕೊಂಡು ಮುಟ್ತಿದ್ದೆ. ನಾನೇ ಸಾಯಿಸ್ತಿದೀನಿ."

"ಅಷ್ಟರಿಂದ ಇಷ್ಟೆಲ್ಲ ಆಗಲ್ಲ ಮಗೂ," ಎಂದು ಡಾಕ್ಟರಮ್ಮ ಶುರು ಮಾಡಿದರು. ಭಾವ ಕೆಮ್ಮಿದರು. ಅವರ ಎಲ್ಲ ಕೆಮ್ಮನ್ನೂ ನಾನು ಅನುಕರಿಸಬಲ್ಲೆ. ಆ ಕೆಮ್ಮು ಮಾತ್ರ ನನಗೆ ಈವರೆಗೂ ಬಂದಿಲ್ಲ.

"ಅದು ನಾನು," ಎಂದರು ಭಾವ. "ಗಾಜಿಗೆ ಪಾಚಿ ಕಟ್ಟಿತ್ತು. ಮಗು ಆಸೆಪಟ್ಟು ಸಾಕಿರೋದು, ಕೊಳಕಲ್ಲಿ ಇರಬಾರದು ಅಂತ... ದಿನಾ ಬೆಳಿಗ್ಗೆ ಇವಳು ಸ್ಕೂಲಿಗೆ ಹೋದ್ಮೇಲೆ, ಕಪ್ಪೇನ ಮಗ್ಗಿಗೆ ಬಿಟ್ಟು, ಇದ್ದ ನೀರೆಲ್ಲ ಚೆಲ್ಲಿ, ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ನಲ್ಲಿ ನೀರು ತುಂಬಿಸ್ತಿದ್ದೆ."

"ದಿನಾ?"

"ದಿನಾ. ಬಿಳಿ ಚಿಂದಿ ಕಾಣಿಸ್ತಲ್ಲ, ಕೊಳೆ ಬಿಡ್ತಿದೆ ಅಂದ್ಕೊಂಡು ಇನ್ನೊಂದು ಚಿಟಿಕೆ ಹಾಕಿದೆ. ಒಂದ್ಸಲ ನೂಲು ಅಂತ ಚಿಮಟದಲ್ಲಿ ಎಳೆದೂ ಬಿಟ್ಟೆ."

"ಮಡಿ ಮಾಡಿ ಮಾಡಿ ಮಡಿಯೋ ಹಾಗೆ ಮಾಡಿದೀರಲ್ರೀ," ಎಂದರು ಡಾಕ್ಟರಮ್ಮ. ಬೇರೆ ದಿನವಾಗಿದ್ದರೆ ಆ ಮಾತನ್ನು ನಾನು ಅಲ್ಲೇ ಕದಿಯುತ್ತಿದ್ದೆ.

ಪಿಟೀಲು ಅಪ್ಪನನ್ನೇ ನೋಡುತ್ತಿದ್ದಳು. "ಗಾಜು ಹೊಳೀತಿದ್ದಿದ್ದು ಅದಕ್ಕಾ? ಅಮ್ಮ ಒರೆಸ್ತಾಳೆ ಅಂದ್ಕೊಂಡಿದ್ದೆ."

"ಅದಕ್ಕೇ."

"ನಾನು ಮುಟ್ಟಿ ಏನೋ ಮಾಡಿರ್ತೀನಿ ಅಂದ್ಯಲ್ಲ."

"ಅಂದೆ." ಭಾವ ಚಿತ್ರಪಟ ಬಿಟ್ಟು ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. "ನೀನು ಏನೂ ಮಾಡಿಲ್ಲ ಪುಟ್ಟಾ. ನಿನ್ನ ಕೈಯಿಂದ ಏನೂ ಆಗಿಲ್ಲ. ಹಾಳು ಮಾಡಿದ್ದು ನಾನು."

ಅವಳು ಕೈಗಳನ್ನು ತೊಡೆಯ ಕೆಳಗಿನಿಂದ ತೆಗೆದು ಡಬ್ಬಿಯನ್ನು ಎಳೆದುಕೊಂಡಳು.

ಡಾಕ್ಟರಮ್ಮ ಶಿಲೀಂಧ್ರವೇನಾದರೂ ಇದೆಯೇ ಎಂದು ನೋಡಲು ಹತ್ತಿಕಡ್ಡಿಯಿಂದ ಗುಂಡಿಯ ಹೊಟ್ಟೆ ಸವರಿಕೊಂಡರು. ಪೊರೆ ಎಳೆಯಬಾರದು, ಸದ್ಯಕ್ಕೆ ಯಾರೂ ಮುಟ್ಟಬಾರದು, ಔಷಧಿ ಹಾಕಿಟ್ಟ ನೀರನ್ನೇ ಬಳಸಬೇಕು ಎಂದರು. ಉಳಿಯುತ್ತಾ ಎಂದು ಕೇಳಿದ್ದಕ್ಕೆ, "ಈಗ್ಲೇ ಹೇಳಕ್ಕಾಗಲ್ಲ. ಒಂದು ವಾರ ಹೋಗ್ಲಿ," ಎಂದರು.

ಆ ವಾರ ಪಿಟೀಲು ಅಪ್ಪನ ಜೊತೆ ಮಾತಾಡಲಿಲ್ಲ. ಭಾವ ಪ್ರತಿ ಇಸ್ತ್ರಿ ಗಂಟು ಮುಗಿದಾಗಲೂ ಮೇಲೆ ಬಂದು, ತೊಟ್ಟಿಯಿಂದ ಮೂರಡಿ ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತು, ಇಳಿದುಹೋಗುತ್ತಿದ್ದರು. ಗಾಜಿನ ಮೇಲೆ ಹಸಿರು ಮತ್ತೆ ಹತ್ತತೊಡಗಿತು. ಅದನ್ನು ನೋಡಿಕೊಂಡು ಸುಮ್ಮನಿರುವುದು ಅವರಿಗೆ ಎಂಥ ಶಿಕ್ಷೆ ಎಂದು ನನಗೆ ಗೊತ್ತು. ಮದುವೆ ಮನೆಯಲ್ಲೂ ಪಕ್ಕದವರ ಕಾಲರಿನ ಕೊಳೆ ನೋಡಿ ಒದ್ದಾಡುವ ಮನುಷ್ಯ. ಶಿಲೀಂಧ್ರವಿಲ್ಲ ಎಂದು ಮಂಗಳವಾರ ಫೋನ್ ಬಂತು. ಬುಧವಾರ ಗುಂಡಿ ಅರ್ಧ ಹುಳು ತಿಂದಿತು, ಗುರುವಾರ ಎರಡು. ಚಿಂದಿಗಳು ತಾವಾಗಿಯೇ ಉದುರಿದವು, ಹೊಸದು ಏಳಲಿಲ್ಲ.

ಎರಡನೆಯ ಭಾನುವಾರ ಪಿಟೀಲು ಕಾಲು ಭಾಗ ನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ಬಕೆಟ್ಟಿನಿಂದ ಮಗ್ ತುಂಬಿಸಿಕೊಂಡಳು. ಮೂರಡಿ ದೂರದಲ್ಲಿ ಭಾವ ಎಂದಿನಂತೆ ನಿಂತಿದ್ದರು. ಅವಳು ಸ್ವಲ್ಪ ಹೊತ್ತು ಯೋಚಿಸಿ ಮಗ್ಗನ್ನು ಅವರತ್ತ ಚಾಚಿದಳು.

"ಅಂಚಿಂದ ಹಾಕು. ನಿಧಾನ. ಬಟ್ಟೆ ಜಾಲಿಸ್ದಂಗೆ ಅಲ್ಲ."

ಭಾವ ಎರಡೂ ಕೈಯಲ್ಲಿ ಹಿಡಿದು, ನೂಲಿನಷ್ಟು ಸಣ್ಣಗೆ ಬಿಡತೊಡಗಿದರು. ಕೆಳಗೆ ಕೌಂಟರಿನ ಗಂಟೆ ಬಡಿಯಿತು, ಮತ್ತೆ ಬಡಿಯಿತು.

"ಭಾವ, ಗಿರಾಕಿ," ಎಂದೆ.

"ಕಾಯ್ಲಿ ಬಿಡಯ್ಯ," ಎಂದರು, ಕಣ್ಣು ತೆಗೆಯದೆ. ಪಿಟೀಲು ಅವರ ಮಣಿಕಟ್ಟು ಹಿಡಿದು, ಮಗ್ಗನ್ನು ಇನ್ನೊಂಚೂರು ಬಗ್ಗಿಸಿದಳು.