ಜಮಖಾನೆ ಬಡಿಯುವ ಕಡೆಯ ಕಿಟಕಿ

ತುಯಿರೆ ಆ ಶನಿವಾರ ಫಿನ್ಲೆಂಡಿನ ಲಾಹ್ತಿ ಊರಿಗೆ ಬಂದಿದ್ದು ತನ್ನ ಮನೆಯನ್ನು ಕೊನೆಯ ಸಲ ನೋಡಿ ಹೋಗುವುದಕ್ಕೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿಯುತ್ತ, ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕುತ್ತ, ಬಾಡಿಗೆಗೆ ಕೊಡಲೆಂದು ಸಾಲ ಮಾಡಿ ಕೊಂಡ ಒಂದು ಕೋಣೆಯ ಮನೆ. ಕೊಂಡಾಗ ಬಡ್ಡಿ ಇದ್ದೂ ಇಲ್ಲದಂತಿತ್ತು. ಆಮೇಲೆ ಬಡ್ಡಿ ಏರಿತು, ಮನೆಗಳ ಬೆಲೆ ಬಿತ್ತು. ಇದ್ದ ಬಾಡಿಗೆದಾರ ಬಿಟ್ಟು ಹೋದ. ಚಳಿಗಾಲವಿಡೀ ಇನ್ನೊಬ್ಬರು ಬರಲಿಲ್ಲ. ನೋಡಿದವರೆಲ್ಲ ಮೂಗು ಮುರಿದರು: ನೆಲಮಹಡಿ, ಕಿಟಕಿಯೆದುರಿಗೇ ಕಟ್ಟಡದವರೆಲ್ಲ ಜಮಖಾನೆ ಹಾಕಿ ಬಡಿಯುವ ಕಂಬಿ, ಬೆಳಗಾದರೆ ಧಬಧಬ. ಈಗ ಒಬ್ಬ ಸಾಲವೂ ತೀರದಷ್ಟು ಬೆಲೆಗೆ ಕೇಳಿದ್ದ. ಸಂಜೆಯೊಳಗೆ ಹ್ಞೂಂ ಅನ್ನಬೇಕೆಂದು ದಲ್ಲಾಳಿ ಗಡುವು ಕೊಟ್ಟಿದ್ದ.

ಅಂಗಳದ ತುಂಬ ಜನ. ವಸಂತದ ತಲ್ಕೋತ್ ಅಂದು. ಮಂಜಿನಲ್ಲಿ ಜಾರದಿರಲೆಂದು ಚೆಲ್ಲಿದ ಜಲ್ಲಿಪುಡಿಯನ್ನು ಕಟ್ಟಡದವರೆಲ್ಲ ಸೇರಿ ಗುಡಿಸಿ, ಕೊನೆಗೆ ಸಾಸೇಜು ಸುಟ್ಟು ತಿನ್ನುವ ದಿನ. ಅದರ ಕರೆ ತುಯಿರೆಗೂ ವರ್ಷವರ್ಷ ಬರುತ್ತಿತ್ತು. ಅದು ಅಲ್ಲಿ ವಾಸವಿರುವವರ ಕೆಲಸ, ಹೂಡಿಕೆ ಮಾಡಿದವರದಲ್ಲ ಎಂದು ಅವಳು ಸುಮ್ಮನಿದ್ದುಬಿಡುತ್ತಿದ್ದಳು.

"ಯಾರಮ್ಮ ನೀನು?" ಎಂದ ಕಟ್ಟಡ ಮಂಡಳಿಯ ಅಧ್ಯಕ್ಷ ಉರ್ಪೊ.

"ಆ ನೆಲಮಹಡಿ ಮನೆ ನಂದು."

"ಓಹೋ, ಮಾಲೀಕರ ಸವಾರಿ! ನೀನು ಬರೀ ಕಾಗದದ ಮೇಲಿರೋ ಹೆಸರು ಅಂದ್ಕೊಂಡಿದ್ವಿ, ಕೈಕಾಲೂ ಇದೆಯಲ್ಲ. ತಗೋ ಪೊರಕೆ."

ತುಯಿರೆ ಪೊರಕೆ ತೆಗೆದುಕೊಂಡಳು. ಗುಡಿಸತೊಡಗಿದಳು.

"ಮೆಲ್ಲಗೆ ಕಣೇ, ಧೂಳೆಲ್ಲ ನನ್ನ ಕಾಫಿಗೆ!" ಮೇಜಿನ ಬಳಿ ಕುರ್ಚಿಯಲ್ಲಿ ಕೂತಿದ್ದ ಮುದುಕಿ ಗದರಿದಳು. ಅವಳು ಹಿಲ್ಯ. ಜಮಖಾನೆ ನೇಯ್ದೇ ಬಾಳು ಸವೆಸಿದವಳು, ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದಳು. ಮಂಡಿ ಸೋತಿತ್ತು, ಲಿಫ್ಟ್ ಇರಲಿಲ್ಲ. ಇಬ್ಬರು ಕುರ್ಚಿ ಸಮೇತ ಹೊತ್ತು ತಂದರೇ ಅವಳಿಗೆ ಅಂಗಳ.

"ತಪ್ಪಾಯ್ತು ಅಜ್ಜಿ."

"ಮುಖ ಯಾಕೆ ಹಾಗೆ, ಸಾವಿನ ಮನೆಯಿಂದ ಬಂದೋಳ ಥರ?"

"ಮನೆ ಮಾರ್ತಿದೀನಿ. ಅದು ಯಾರಿಗೂ ಬೇಡ. ಜಮಖಾನೆ ಬಡಿಯೋ ಸದ್ದಂತೆ, ಹೋಗೋರು ಬರೋರೆಲ್ಲ ಕಿಟಕಿಗೇ ಬರ್ತಾರಂತೆ."

ಹಿಲ್ಯಳ ಕಾಫಿ ಕಪ್ಪು ತುಟಿಯ ಹತ್ತಿರವೇ ನಿಂತಿತು. "ಅದು ಖಾಲಿನಾ?"

"ಚಳಿಗಾಲದಿಂದ. ಇಂಟರ್ನೆಟ್ಟಲ್ಲಿ ಹಾಕಿದ್ನಲ್ಲ."

"ಲೋಕಕ್ಕೆಲ್ಲ ಸಾರಿದೆ, ನಿನ್ನ ತಲೆ ಮೇಲೇ ಕೂತಿರೋ ನಂಗೆ ಹೇಳಲಿಲ್ಲ! ಉರ್ಪೊ, ನಿನಗಾದ್ರೂ ಗೊತ್ತಾಗಬಾರದಾ?"

"ಪರದೆ ಎಳೆದೇ ಇತ್ತಲ್ಲ, ಯಾರೋ ರಾತ್ರಿಪಾಳಿಯೋರು ಮಲಗಿದಾರೆ ಅಂದ್ಕೊಂಡೆ."

ಕಳ್ಳರಿಗೆ ತಿಳಿಯದಿರಲೆಂದು ಪರದೆ ಎಳೆದವಳು ತುಯಿರೆಯೇ.

ಇಬ್ಬರೂ ಆಚೆಈಚೆ ಹಿಡಿದು ಅಜ್ಜಿಯನ್ನು ಒಳಗೆ ನಡೆಸಿದರು. ಅವಳು ಅಡುಗೆಯ ಮೂಲೆ, ಬಚ್ಚಲು ಯಾವುದನ್ನೂ ನೋಡಲಿಲ್ಲ. ನೇರ ಕಿಟಕಿಗೆ ಹೋಗಿ ಪರದೆ ಸರಿಸಿ ಅದನ್ನು ತೆರೆದಳು. ಹೊರಗೆ ಯಾರೋ ಜಮಖಾನೆ ಬಡಿಯುತ್ತಿದ್ದರು.

"ಅದು ನಾನು ನೇಯ್ದಿದ್ದು! ಏಯ್, ಮಗುಚಿ ಹಾಕಿ ಬಡಿಯೋ, ದಡ್ಡ!" ಎಂದು ಕೂಗಿದಳು. ಆಮೇಲೆ ಮೆತ್ತಗೆ, "ಹಿಂದಿನವನು ಕೊಡ್ತಿದ್ದಷ್ಟೇ ಬಾಡಿಗೆ ಕೊಡ್ತೀನಿ. ಆಗುತ್ತಾ?" ಎಂದಳು.

ಅಷ್ಟಾದರೆ ಬ್ಯಾಂಕಿನ ಕಂತು ಸಾಗುತ್ತದೆ. "ಆಗುತ್ತೆ ಅಜ್ಜಿ," ಎಂದು ಹೇಳಿ ತುಯಿರೆ ಅಲ್ಲೇ ನಿಂತು ದಲ್ಲಾಳಿಗೆ ಫೋನ್ ಮಾಡಿ, ಮಾರುವುದಿಲ್ಲ ಎಂದಳು.

"ಬೆಲೆ ಇನ್ನೂ ಬೀಳುತ್ತೆ, ಯೋಚನೆ ಮಾಡಿ," ಎಂದನವನು.

"ಬೀಳಲಿ. ನನ್ನ ಮನೆಗೆ ಜನ ಬಂದಿದಾರೆ."

ಅಂಗಳಕ್ಕೆ ಬಂದು, ಮೊದಲೇ ಹೊರಬಂದು ಸಾಸೇಜು ಸುಡುತ್ತಿದ್ದ ಉರ್ಪೊನೆದುರು ನಿಂತಳು. "ನೀವು ಪೊರಕೆ ಕೊಡದೇ ಇದ್ದಿದ್ರೆ..." ಎಂದು ಶುರು ಮಾಡಿದಳು. ಅವನು ಬಿಸಿ ಸಾಸೇಜು ಅವಳ ಕೈಗಿಟ್ಟ.

"ಉಪಕಾರ ಸ್ಮರಣೆ ಆಮೇಲೆ. ಕಸದ ಡಬ್ಬಿಗಳ ಹಿಂದೆ ಇನ್ನೂ ಗುಡಿಸಿಲ್ಲ."

"ಎಲೆ ಉದುರೋ ಕಾಲದ ತಲ್ಕೋತ್‌ಗೆ ಮಕ್ಕಳನ್ನೂ ಕರ್ಕೊಂಡ್ಬರ್ತೀನಿ," ಎಂದಳು ತುಯಿರೆ.

ತಿಂದು ಮುಗಿಸಿ, ಕೈ ಒರೆಸಿಕೊಂಡು, ಪೊರಕೆ ಎತ್ತಿಕೊಂಡಳು.