ಬ್ಲೀಚಿಂಗ್ ಪುಡಿ ಬಿದ್ದ ಬಾವಿ

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಐದು ವರ್ಷದಿಂದ ಮುಚ್ಚಿದ್ದ ಔಷಧಿ ಕಾರ್ಖಾನೆಯನ್ನು ಹೊಸಬರು ಕೊಂಡರು. ಒಳಗಿನ ಏಳು ಹಳೆಯ ರಿಯಾಕ್ಟರುಗಳನ್ನು, ಅಂದರೆ ರಾಸಾಯನಿಕ ಕುದಿಸುವ ದೊಡ್ಡ ಉಕ್ಕಿನ ಹಂಡೆಗಳನ್ನು, ರಿಪೇರಿ ಮಾಡಿಸಿ ಮತ್ತೆ ಶುರು ಮಾಡುವುದು ಅವರ ವಿಚಾರ. ಅದಕ್ಕೆ ಮೊದಲು ಸುತ್ತಲಿನ ಮಣ್ಣು, ನೀರು ಪರೀಕ್ಷೆಯಾಗಬೇಕು, ಊರವರ ಮಾತು ಕೇಳುವ ಸಭೆಯೂ ನಡೆಯಬೇಕು.

ಕಾರ್ಖಾನೆಯ ಹಿಂದಿನ ಗೋಡೆಗೆ ಹೊಂದಿಕೊಂಡೇ ಗಿರಿಜಾಬಾಯಿಯ ಅರ್ಧ ಎಕರೆ ಇದೆ. ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿ ಬೆಳೆಸಿ ಬಸವಕಲ್ಯಾಣದ ಸಂತೆಯಲ್ಲಿ ಮಾರುತ್ತಾಳೆ. ಕಾರ್ಖಾನೆ ನಡೆಯುತ್ತಿದ್ದ ಕಾಲಕ್ಕೆ ಬಾವಿಯ ನೀರು ಹಾಕಿದರೆ ಎಲೆಗಳ ಅಂಚು ಸುಟ್ಟುಹೋಗುತ್ತಿತ್ತು. ಮುಚ್ಚಿದ ಮೂರನೇ ಮಳೆಗಾಲಕ್ಕೆ ನೀರು ಸುಧಾರಿಸಿತು. ಈಗ ಆ ಬಾವಿ ಕೆಟ್ಟರೆ ಅವಳಿಗೆ ಬೇರೆ ಬಾವಿಯಿಲ್ಲ.

ಸಸಿಗಳನ್ನು ಸಂತೆಗೆ ಒಯ್ಯುವುದು ಖಮರುದ್ದೀನನ ಆಟೊ. ಅವನು ಅದೇ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಫಿಟ್ಟರ್ ಆಗಿದ್ದವನು.

“ಸುರು ಆಗಲಿ ಬಿಡಕ್ಕಾ. ಆಟೊ ಹೊಡದು ಹೊಡದು ಬೆನ್ನು ಬಾಗ್ಯದ.”

“ನಿನ್ನ ಬೆನ್ನು ನೆಟ್ಟಗಾಗಲಿಕ್ಕೆ ನನ್ನ ಸಸಿ ಬಾಗಬೇಕೇನು ಭಾಯಿ?”

“ಅದಕ್ಕೇ ರಿಪೇರಿ ಮಾಡಸಾಕತ್ತಾರಲ್ಲ.”

“ಎಲ್ಲಿ ಸೋರತಿತ್ತು ಅಂಬೋದು ಹೊಸಬರಿಗೆ ಹ್ಯಾಂಗ ಗೊತ್ತಾಗ್ತದ?”

ಖಮರುದ್ದೀನ ಹಾರ್ನ್ ಹೊಡೆದ. ರಸ್ತೆಯಲ್ಲಿ ಮುಂದೆ ಯಾವ ಗಾಡಿಯೂ ಇರಲಿಲ್ಲ.

ಮರುವಾರ ನೀರಿನ ಮಾದರಿ ಒಯ್ಯಲು ಪರೀಕ್ಷಾಲಯದಿಂದ ಪೂನಂ ಎಂಬ ಹುಡುಗಿ ಬಂದಳು. ಬಾವಿಯಿಂದ ಬಾಟಲಿ ಮೇಲೆತ್ತಿ ಮೂಸಿ, ಮುಖ ಕಿವುಚಿದಳು. “ಇದರಾಗ ಏನು ಹಾಕೀರಿ?”

ಗಿರಿಜಾಬಾಯಿಯ ಭಾವ ಬಸವಣಪ್ಪ ಹೆಮ್ಮೆಯಿಂದ ಮುಂದೆ ಬಂದ. “ಪರೀಕ್ಷಾ ಮಾಡೋರು ಬರ್ತಾರಂತ ತಿಳೀತು. ನಮ್ಮ ಬಾವಿ ಹೊಲಸಂತ ಯಾಕ ಅನಸಗೋಬೇಕು? ಮ್ಯಾಲಿನ ಕಸ ತೆಗಸಿ ಎರಡು ಕಿಲೋ ಬ್ಲೀಚಿಂಗ್ ಪುಡಿ ಹಾಕಸೀನಿ. ಮದುವಿಗೆ ಹಾಕ್ತೇವಲ್ಲ, ಹಂಗ.”

“ಅಜ್ಜಾ, ನೀರು ಇದ್ದದ್ದು ಇದ್ದಂಗ ಬರಕೊಳ್ಳಾಕ ಬಂದೀನ್ರಿ. ಈ ನೀರು ತಗೊಂಡು ಏನು ಬರೀಲಿ?” ಪೂನಂ ಬಾಟಲಿ ಚೆಲ್ಲಿದಳು. “ನಾಡದು ಮುಂಜಾನಿ ನನ್ನ ಕಡೀ ದಿನ. ಅಷ್ಟರಾಗ ಹೊಸ ನೀರು ಬಂದಿದ್ದರ ತಗೋತೀನಿ. ಇಲ್ಲಂದ್ರ ಈ ಬಾವಿ ಬಿಡಬೇಕಾಗ್ತದ.”

“ಬಿಟ್ಟರ ಏನಾತು ಯವ್ವಾ?” ಎಂದಳು ಗಿರಿಜಾಬಾಯಿ.

“ಇವತ್ತು ಛಲೋ ಇತ್ತು ಅಂತ ಕಾಗದದಾಗ ಇರಂಗಿಲ್ಲ. ನಾಳೆ ಕೆಟ್ಟರ, ಮೊದಲೇ ಕೆಟ್ಟಿತ್ತು ಅಂತಾರ.”

ಗಿರಿಜಾಬಾಯಿ ಭಾವನ ಕಡೆ ನೋಡಿದಳು. ಭಾವ ಆಕಾಶದ ಕಡೆ ನೋಡಿದ.

ಬಾವಿ ಬರಿದು ಮಾಡದೆ ದಾರಿಯಿರಲಿಲ್ಲ. ಮರುದಿನ ಬೆಳಿಗ್ಗೆಯೇ ಖಮರುದ್ದೀನ ಆಟೊದಲ್ಲಿ ಇನ್ನೊಂದು ಮೋಟಾರು ಹೇರಿಕೊಂಡು ಬಂದ. “ಸಸಿ ಕಡೆ ನೀರು ಬಿಡಬ್ಯಾಡ್ರಿ, ಸುಡ್ತಾವ,” ಎಂದು ಪೈಪನ್ನು ಪಾಳುಭೂಮಿಗೆ ತಿರುಗಿಸಿ ಬಸವಣಪ್ಪನ ಕೈಗೆ ಕೊಟ್ಟ. ಪುಡಿ ಹಾಕಿಸಿದವನೇ ಇಡೀ ದಿನ ಬಿಸಿಲಲ್ಲಿ ಪೈಪು ಹಿಡಿದು ನಿಂತ.

ಸಂಜೆಯ ಹೊತ್ತಿಗೆ ತಳ ಕಂಡಿತು. ಎರಡು ಕೊಡ, ಒಂದು ಚಪ್ಪಲಿ, ಜೊತೆಗೆ ಹನ್ನೊಂದು ವರ್ಷದ ಹಿಂದೆ ಕಳೆದುಹೋಗಿದ್ದ ಬಸವಣಪ್ಪನ ಹಿತ್ತಾಳೆ ತಂಬಿಗೆ.

“ಈ ತಂಬಿಗಿ ನನ್ನ ತವರಿಗೆ ಹೋಗ್ಯದ ಅಂತಿದ್ರಿ ಭಾವಾ,” ಎಂದಳು ಗಿರಿಜಾಬಾಯಿ.

“ಹಳೇ ಮಾತು ಈಗ್ಯಾಕ?” ಎಂದು ಬಸವಣಪ್ಪ ತಂಬಿಗೆ ಉಜ್ಜಲು ಕುಳಿತ. ಎಲ್ಲರೂ ನಕ್ಕರು.

ಒಳಗಿಳಿದಿದ್ದ ಖಮರುದ್ದೀನ ಮಾತ್ರ ನಗಲಿಲ್ಲ. ಕಾರ್ಖಾನೆಯ ಕಡೆಯ ಕಲ್ಲುಗಳ ಸಂದಿಯಿಂದ ತಳದವರೆಗೆ ಹಳೆಯ ಹಳದಿ ಗೆರೆಯೊಂದು ಇಳಿದಿತ್ತು. ಅದು ಎಲ್ಲಿಂದ ಬಂದದ್ದೆಂದು ಅವನಿಗೆ ಗೊತ್ತಿತ್ತು. ಮೇಲೆ ಬಂದವನು ಚಹಾ ಕುಡಿಯದೆ ಹೋದ.

ರಾತ್ರಿಯೆಲ್ಲ ಸೆಲೆ ಒಸರಿತು. ಹೇಳಿದ ದಿನ ಮುಂಜಾನೆಯೇ ಪೂನಂ ತಿಳಿನೀರು ತುಂಬಿಕೊಂಡು ಹೋದಳು.

ಕೆಲವು ತಿಂಗಳ ಮೇಲೆ ಸಭೆ ನಡೆಯಿತು. ಗಿರಿಜಾಬಾಯಿ ಮೆಣಸಿನ ಸಸಿಯ ಟ್ರೇ ಹಿಡಿದುಕೊಂಡೇ ಎದ್ದು ನಿಂತಳು. “ನನ್ನ ಬಾವಿ ನೀರು ಛಲೋ ಅದ ಅಂತ ನಿಮ್ಮ ವರದಿ ಹೇಳ್ತದ. ಕಾರ್ಖಾನಿ ಬ್ಯಾಡ ಅನ್ನಂಗಿಲ್ಲ ನಾನು. ಈ ನೀರು ಹಿಂಗೇ ಇರಬೇಕು, ಅಷ್ಟೇ ನನ್ನ ಮಾತು. ಹ್ಯಾಂಗ ಇಡ್ತೀರಿ ಹೇಳ್ರಿ.”

ಹೊಸ ಮ್ಯಾನೇಜರ್ ಅನೀಲಕುಮಾರ ಎಲ್ಲವೂ ನಿಯಮದ ಪ್ರಕಾರ ನಡೆಯುತ್ತದೆ ಎಂದ. ಆಗ ಹಿಂದಿನ ಸಾಲಿನಿಂದ ಖಮರುದ್ದೀನ ಎದ್ದ. ಕೆಲಸ ಕೇಳುವ ಅರ್ಜಿ ಅವನ ಅಂಗಿಯ ಜೇಬಿನಲ್ಲಿತ್ತು.

“ಪೈಪು ನೆಲದಾಗ ಹಾಕಬ್ಯಾಡ್ರಿ ಸಾಹೇಬ್ರ. ಎರಡನೇ ರಿಯಾಕ್ಟರಿನ ಕೆಳಗಿಂದು ಒಡದಿತ್ತು. ತ್ಯಾಪಿ ಹಚ್ಚಿ ಮುಚ್ಚಿದವ ನಾನೇ. ಯಾರಿಗೂ ಹೇಳಲಿಲ್ಲ. ತ್ಯಾಪಿ ನಿಲ್ಲಲಿಲ್ಲ, ಸೋರಿದ್ದೆಲ್ಲ ಈ ಅಕ್ಕನ ಬಾವಿಗೆ ಹೋಗ್ಯದ.”

ಗಿರಿಜಾಬಾಯಿ ಟ್ರೇ ಕೆಳಗಿಟ್ಟು ಅವನ ಕಡೆ ತಿರುಗಿದಳು.

ಅನೀಲಕುಮಾರ ಪೆನ್ನು ತೆಗೆದ. “ಉಳಿದ ಆರರದ್ದೂ ಗೊತ್ತದೇನು?”

“ಹದಿನೆಂಟು ವರ್ಷ ಅವುಗಳ ಕೆಳಗೇ ಬಿದ್ದಿದ್ದೀನ್ರಿ. ಮನ್ಯಾಗ ಹೆಂಡತಿ ಮುಖಕ್ಕಿಂತ ಅವನ್ನೇ ಹೆಚ್ಚು ನೋಡೀನಿ.”

ಅಧಿಕಾರಿಗಳೂ ನಕ್ಕರು. “ಹಂಗಾದ್ರ ನಾಳೆ ಬರ್ರಿ,” ಎಂದ ಅನೀಲಕುಮಾರ. “ಹಳೇ ನಕಾಶೆಯೊಳಗ ಇದ್ಯಾವುದೂ ಇಲ್ಲ.”

ಪೈಪುಗಳೆಲ್ಲ ನೆಲದ ಮೇಲೆ ಕಣ್ಣಿಗೆ ಕಾಣುವಂತಿರಬೇಕು, ಬಾವಿಯ ನೀರು ತಿಂಗಳಿಗೊಮ್ಮೆ ಪರೀಕ್ಷೆಯಾಗಬೇಕು ಎಂದು ಅನುಮತಿಯ ಕಾಗದದಲ್ಲೇ ಷರತ್ತು ಬಂತು.

ರಿಯಾಕ್ಟರುಗಳು ಶುರುವಾದ ಮೊದಲ ತಿಂಗಳು ಪೂನಂ ಬಾಟಲಿ ಹಿಡಿದು ಬಂದಳು.

“ಕೈ ತೋರಸ್ರಿ ಭಾವಾ,” ಎಂದಳು ಗಿರಿಜಾಬಾಯಿ.

ಬಸವಣಪ್ಪ ತಂಬಿಗೆ ಕೆಳಗಿಟ್ಟು ಎರಡೂ ಕೈ ಚಾಚಿದ. ಖಾಲಿ ಇದ್ದವು.

ಹತ್ತು ದಿನಕ್ಕೆ ಪರೀಕ್ಷೆಯ ಕಾಗದ ಬಂತು. ಗೋಡೆಯಾಚೆಯಿಂದ ಹೆಲ್ಮೆಟ್ ಹಾಕಿದ ತಲೆಯೊಂದು ಇಣುಕಿತು. “ಏನಂತದ ಅಕ್ಕಾ?”

“ಮೊದಲಿನಂಗೇ ಛಲೋ ಅದ ಅಂತದ. ಅವತ್ತಿನ ಚಹಾ ಬಾಕಿ ಅದ ಭಾಯಿ, ಬಾ. ಬಾವಿ ನೀರಿಂದೇ ಇಟ್ಟೀನಿ.”